ಮಲ್ಪೆಯಲ್ಲೊಂದು ಹಳೆ ಲ್ಯಾಪ್‌ಟಾಪ್: ರಿಪೇರಿ ಮಾಡಿಸುವುದಾ, ಹೊಸತು ತೆಗೆಯುವುದಾ?

ಕಡಲತಡಿ, ಮಲ್ಪೆ

ಎಲ್ಲರಿಗೂ ನಮಸ್ಕಾರ. ನನ್ನ ಲ್ಯಾಪ್‌ಟಾಪ್ 2018ರ ದೀಪಾವಳಿ ಸಮಯದಲ್ಲಿ ತೆಗೆದದ್ದು. ಇಂಟೆಲ್ ಐ3-7020ಯು, 4 ಜಿಬಿ ರ್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಇಷ್ಟು ವರ್ಷ ಒಳ್ಳೆದೇ ಇತ್ತು. ಈಗ ಆರು ತಿಂಗಳಿಂದ ಬಟನ್ ಒತ್ತಿ, ಒಳಗೆ ಹೋಗಿ ಚಾ ಮಾಡಿ ಕುಡಿದು ಬಂದರೂ ಪರದೆಯಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ. ಕ್ರೋಮ್ ತೆರೆದರೆ ಮೌಸ್ ಕೂಡ ನಿಂತುಬಿಡುತ್ತದೆ. ಕೆಲವು ಸಲ ಒಳಗಿಂದ ಕಟ್ ಕಟ್ ಅಂತ ಸದ್ದು. ಬ್ಯಾಟರಿ ಅರ್ಧ ಗಂಟೆ ಬಂದರೆ ಹೆಚ್ಚು. ಫ್ಯಾನ್ ಅಂತೂ ಏನೂ ಕೆಲಸ ಮಾಡದಿದ್ದರೂ ಜೋರಾಗಿ ತಿರುಗುತ್ತದೆ.

ಉಡುಪಿಯ ಒಂದು ಅಂಗಡಿಗೆ ತೆಗೆದುಕೊಂಡು ಹೋದೆ. ಬಿಚ್ಚಿ ಕೂಡ ನೋಡಲಿಲ್ಲ. ಆನ್ ಮಾಡಿ ಐದು ನಿಮಿಷ ಕಾದು, "ಮದರ್‌ಬೋರ್ಡ್ ಹೋಗಿದೆ ಮೇಡಂ, ಇದಕ್ಕೆ ಹಣ ಹಾಕುವುದು ದಂಡ, ಹೊಸತೇ ತೆಗೆದುಕೊಳ್ಳಿ" ಅಂದರು. ಬೋರ್ಡ್ ಹೋಗಿದ್ದರೆ ಆನ್ ಆಗುವುದಾದರೂ ಹೇಗೆ ಅಂತ ನನಗೆ ಅರ್ಥ ಆಗಲಿಲ್ಲ.

ನಾನು ಮನೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ, ಪ್ರಶ್ನೆಪತ್ರಿಕೆ ಎಲ್ಲ ಇದರಲ್ಲೇ. ಅದಕ್ಕಿಂತ ಮುಖ್ಯ, ಅಪ್ಪಯ್ಯ ಬರೆದ ಯಕ್ಷಗಾನ ಪ್ರಸಂಗಗಳನ್ನು ನಾಲ್ಕು ವರ್ಷದಿಂದ ಕೂತು ನುಡಿ ಅನ್ನುವ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ ಇಟ್ಟಿದ್ದೇನೆ. ಇನ್ನೊಂದು ಕಾಪಿ ಎಲ್ಲೂ ಇಲ್ಲ. ಮಗಳು ಈ ವರ್ಷ ಬಿಕಾಂ ಸೇರುತ್ತಾಳೆ, ಅವಳಿಗೂ ಒಂದು ಲ್ಯಾಪ್‌ಟಾಪ್ ಬೇಕು. ಕೈಯಲ್ಲಿರುವುದು ಒಟ್ಟು 50 ಸಾವಿರ. ಇಬ್ಬರಿಗೂ ಸೇರಿ ಒಂದೇ ಹೊಸತು ತೆಗೆಯಲಾ, ಅಥವಾ ಹಳೆಯದನ್ನು ಸರಿ ಮಾಡಿಸಿ ನಾನು ಇಟ್ಟುಕೊಂಡು ಅವಳಿಗೆ ಬೇರೆ ತೆಗೆಯಲಾ? ತಿಳಿದವರು ದಯವಿಟ್ಟು ಹೇಳಿ.

ಕದ್ರಿಗುಡ್ಡೆ, ಮಂಗಳೂರು

ಅಕ್ಕ, ಹೊಸತು ಹಳತು ಎಲ್ಲ ಆಮೇಲೆ. ಅಪ್ಪಯ್ಯನ ಪ್ರಸಂಗದ ಫೋಲ್ಡರನ್ನು ಈಗಲೇ, ನನ್ನ ಈ ಉತ್ತರ ಪೂರ್ತಿ ಓದುವ ಮೊದಲೇ, ಒಂದು ಪೆನ್‌ಡ್ರೈವ್‌ಗೆ ಹಾಕಿ. ಕಟ್ ಕಟ್ ಸದ್ದು ಅಂದಿರಲ್ಲ, ಅದು ಹಾರ್ಡ್‌ಡಿಸ್ಕ್ ಸಾಯುವ ಮೊದಲು ಮಾಡುವ ಸದ್ದು. ಇಡೀ ಡಿಸ್ಕ್ ಒಟ್ಟಿಗೆ ಕಾಪಿ ಮಾಡಲು ಹೋಗಬೇಡಿ. ಮೊದಲು ಪ್ರಸಂಗ, ಮತ್ತೆ ಪ್ರಶ್ನೆಪತ್ರಿಕೆ, ಮತ್ತೆ ಫೋಟೋ. ಸಿನಿಮಾ ಗಿನಿಮಾ ಇದ್ದರೆ ಬಿಟ್ಟುಬಿಡಿ. ಪೆನ್‌ಡ್ರೈವ್ ಆದ ಮೇಲೆ ಗೂಗಲ್ ಡ್ರೈವ್‌ಗೂ ಒಂದು ಪ್ರತಿ ಏರಿಸಿ, ಬರೇ ಅಕ್ಷರದ ಫೈಲ್ ಆದ್ದರಿಂದ 15 ಜಿಬಿ ಉಚಿತ ಜಾಗದಲ್ಲಿ ಮೂಲೆಯಲ್ಲಿ ಕೂರುತ್ತದೆ.

ಮತ್ತೊಂದು, ಯಾರಾದರೂ ಡಿಸ್ಕ್ ಸರಿಮಾಡಲಿಕ್ಕೆ ಡಿಫ್ರಾಗ್ ಮಾಡಿ, ಚೆಕ್‌ಡಿಸ್ಕ್ ಹಾಕಿ ಅಂದರೆ ಕಾಪಿ ಮುಗಿಯುವ ತನಕ ಬೇಡವೇ ಬೇಡ. ಸುಸ್ತಾದವನನ್ನು ಎಬ್ಬಿಸಿ ಓಡಿಸಿದ ಹಾಗೆ ಆಗುತ್ತದೆ.

ಕಾಪಿ ಆದ ಮೇಲೆ ಮೂರು ವಿಷಯ ನೋಡಿ ಇಲ್ಲಿ ಬರೆಯಿರಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್‌ಗೆ ಹೋಗಿ ಡಿಸ್ಕ್ ಎಷ್ಟು ಶೇಕಡ ಅಂತ, ಮೆಮೊರಿಯಲ್ಲಿ ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಅಂತ ನೋಡಿ. ಎರಡನೆಯದು, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಉಚಿತ ಸಾಫ್ಟ್‌ವೇರ್ ಉಂಟು, ತೆರೆದ ಕೂಡಲೇ ನೀಲಿ, ಹಳದಿ ಅಥವಾ ಕೆಂಪು ಬಣ್ಣ ತೋರಿಸುತ್ತದೆ. 05, ಸಿ5, ಸಿ6 ಅಂತ ಇರುವ ಸಾಲುಗಳ ಕೊನೆಯ ಅಂಕಿ ಬೇಕು. ಮೂರನೆಯದು ಬ್ಯಾಟರಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ, ಒಂದು ಜಾಗ ಬಿಟ್ಟು ಸ್ಲ್ಯಾಶ್, ಅದಕ್ಕೆ ತಾಗಿಸಿ ಬ್ಯಾಟರಿರಿಪೋರ್ಟ್, ಇದನ್ನೇ ಇಂಗ್ಲಿಷಿನಲ್ಲಿ ಹೊಡೆದರೆ ಒಂದು ಪುಟ ಸಿಗುತ್ತದೆ. ಬ್ಯಾಟರಿ ಹೊಸತಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು, ಎರಡೂ ಅದರಲ್ಲಿರುತ್ತದೆ.

ಕಡಲತಡಿ, ಮಲ್ಪೆ

ಅಣ್ಣ, ನೀವು ಹೇಳಿದ ಹಾಗೆ ರಾತ್ರಿಯೇ ಕೂತೆ. ಬರೇ 300 ಎಂಬಿ ಕಾಪಿ ಆಗಲಿಕ್ಕೆ ಒಂದೂವರೆ ಗಂಟೆ ಹಿಡಿಯಿತು. ಮಧ್ಯೆ ಎರಡು ಸಲ ನಿಂತುಹೋಯಿತು. ಮೂರು ಫೈಲ್ ಮಾತ್ರ ಏನು ಮಾಡಿದರೂ ಬರಲಿಲ್ಲ, ಉಳಿದದ್ದೆಲ್ಲ ಬಂತು. ಕೈ ನಡುಗುತ್ತಿತ್ತು ನಿಜ ಹೇಳಬೇಕೆಂದರೆ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100 ಶೇಕಡ, ಆದರೆ ಅದರ ವೇಗ 1 ಎಂಬಿಯೂ ಇಲ್ಲ. ಮೆಮೊರಿ 2 ಸ್ಲಾಟ್‌ನಲ್ಲಿ 1 ಬಳಕೆಯಲ್ಲಿದೆ. ಆ ಸಾಫ್ಟ್‌ವೇರ್ ಹಳದಿ ತೋರಿಸುತ್ತಿದೆ. 05ರ ಎದುರು ಬರೇ ಸೊನ್ನೆ, ಸಿ5ರ ಎದುರು ಕೊನೆಯಲ್ಲಿ 38, ಸಿ6ರಲ್ಲೂ 38. ಬ್ಯಾಟರಿ ಹೊಸತಿದ್ದಾಗ 41,040 ಅಂತ ಇದೆ, ಈಗ 13,700.

ಸ್ಕ್ರೂಡ್ರೈವರ್, ಮಣಿಪಾಲ

ನಾನು ಲ್ಯಾಪ್‌ಟಾಪ್ ರಿಪೇರಿಯವನು, ಹನ್ನೊಂದು ವರ್ಷದಿಂದ ಇದೇ ಕೆಲಸ. ಮೇಡಂ, ನಿಮ್ಮ ಮದರ್‌ಬೋರ್ಡ್‌ಗೆ ಏನೂ ಆಗಿಲ್ಲ ಅಂತ ಈ ಅಂಕಿಗಳೇ ಹೇಳುತ್ತಿವೆ. ಸಿ5 ಅಂದರೆ ಓದಲಿಕ್ಕೆ ಆಗದೆ ಬಾಕಿ ಉಳಿದ ಜಾಗಗಳ ಲೆಕ್ಕ. ಆ ಸಾಫ್ಟ್‌ವೇರ್ ಸುಮ್ನೆ ಬಿಟ್ಟರೆ ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ, ಹಾಗಾಗಿ ಅದು 38 ಅಲ್ಲ, ಮೂರು ಹದಿನಾರು ಮತ್ತೆ ಎಂಟು, ನಮ್ಮ ಲೆಕ್ಕದಲ್ಲಿ 56. ಒಳ್ಳೆಯ ಡಿಸ್ಕ್‌ನಲ್ಲಿ ಇದು ಸೊನ್ನೆ ಇರಬೇಕು. ನಿಮ್ಮ ಮೂರು ಫೈಲ್ ಆ 56 ಜಾಗಗಳಲ್ಲೇ ಎಲ್ಲೋ ಸಿಕ್ಕಿಹಾಕಿಕೊಂಡಿವೆ.

ನಿಧಾನ ಆಗುವುದು ಯಾಕೆ ಅಂತ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಿದ್ದರೆ ಇನ್ನೊಂದು ಅಂಗಡಿಯಲ್ಲಿ ಯಾರೂ ನಿಮಗೆ ಬೇಡದ್ದನ್ನು ಮಾರುವುದಿಲ್ಲ. 4 ಜಿಬಿ ರ್ಯಾಮ್‌ನಲ್ಲಿ ವಿಂಡೋಸ್ 10 ತಾನೇ ಅರ್ಧದಷ್ಟು ತಿನ್ನುತ್ತದೆ. ಕ್ರೋಮ್‌ನಲ್ಲಿ ನಾಲ್ಕು ಪುಟ ತೆರೆದರೆ ಜಾಗ ಮುಗಿಯಿತು. ಆಗ ವಿಂಡೋಸ್ ಹಾರ್ಡ್‌ಡಿಸ್ಕ್‌ನ ಒಂದು ಭಾಗವನ್ನೇ ರ್ಯಾಮ್ ತರ ಬಳಸಲು ಶುರು ಮಾಡುತ್ತದೆ. ಹಾರ್ಡ್‌ಡಿಸ್ಕ್ ಅಂದರೆ ತಿರುಗುವ ತಟ್ಟೆ, ಅದರ ಮೇಲೆ ಓಡಾಡುವ ಒಂದು ಕೈ. ಪ್ರತಿ ಸಣ್ಣ ತುಂಡಿಗೂ ಆ ಕೈ ಸರಿಯಾದ ಜಾಗಕ್ಕೆ ಹೋಗಿ ಕೂರಲಿಕ್ಕೆ ಹತ್ತು ಮಿಲಿಸೆಕೆಂಡಿನಷ್ಟು ಬೇಕು. ಎಸ್‌ಎಸ್‌ಡಿ ಅಂದರೆ ಚಿಪ್‌ನಲ್ಲೇ ಫೈಲ್ ಇಡುವ ಡಿಸ್ಕ್, ಅದರಲ್ಲಿ ತಿರುಗುವುದು ಏನೂ ಇಲ್ಲ, ಅದೇ ಕೆಲಸ ಅದರ ನೂರನೇ ಒಂದು ಪಾಲಿನಲ್ಲಿ ಮುಗಿಯುತ್ತದೆ. ಜನ ಸೆಕೆಂಡಿಗೆ 550 ಎಂಬಿ ಅಂತ ಡಬ್ಬಿ ಮೇಲಿನ ಅಂಕಿ ನೋಡುತ್ತಾರೆ, ಆದರೆ ದಿನದ ಬಳಕೆಯಲ್ಲಿ ಜೀವ ಬಂದ ಹಾಗೆ ಅನಿಸುವುದು ಈ ಓಡಾಟ ಇಲ್ಲದ್ದರಿಂದ. ನಿಮ್ಮದರಲ್ಲಿ ರ್ಯಾಮ್ ಕಡಿಮೆ, ಆ ಭಾರ ಎಲ್ಲ ಡಿಸ್ಕ್ ಮೇಲೆ, ಡಿಸ್ಕ್ ಬೇರೆ ಕೆಟ್ಟಿದೆ. ಓದಲಾಗದ ಜಾಗ ಸಿಕ್ಕಿದಾಗ ಅದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಅಷ್ಟು ಹೊತ್ತು ನಿಮ್ಮ ಮೌಸ್ ಕೂಡ ನಿಲ್ಲುತ್ತದೆ. ಎಲ್ಲ ತೊಂದರೆಗೂ ಬೇರು ಅಲ್ಲೇ.

ಹಾಗಾಗಿ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಒಂದು, 256 ಜಿಬಿ ನಿಮಗೆ ಧಾರಾಳ. ಹಳೆ ಡಿಸ್ಕ್ ಇದ್ದ ಜಾಗದಲ್ಲೇ ಕೂರುತ್ತದೆ. ರ್ಯಾಮ್ ಇನ್ನೊಂದು ಸ್ಲಾಟ್ ಖಾಲಿ ಉಂಟಲ್ಲ, ಅಲ್ಲಿ ಡಿಡಿಆರ್4 ಲ್ಯಾಪ್‌ಟಾಪ್ ರ್ಯಾಮ್ 4 ಅಥವಾ 8 ಜಿಬಿ ಹಾಕಬಹುದು. ಡಿಡಿಆರ್3, ಡಿಡಿಆರ್5 ಆ ಸ್ಲಾಟ್‌ಗೆ ಕೂರುವುದೇ ಇಲ್ಲ, ಹಲ್ಲಿನ ಜಾಗವೇ ಬೇರೆ. ರ್ಯಾಮ್ ಬೆಲೆ 2025ರ ಕೊನೆಯಿಂದ ತುಂಬ ಏರಿದೆ, ಎಐ ಸರ್ವರ್‌ಗಳಿಗೆ ಚಿಪ್ ಹೋಗುತ್ತಿರುವುದರಿಂದ. ಆದ್ದರಿಂದ ಎರಡು ಮೂರು ಕಡೆ ಕೇಳಿ, ಬಿಲ್ ಜೊತೆಗೆ ತೆಗೆದುಕೊಳ್ಳಿ. ಕೈಯಲ್ಲಿ ಹಣ ಒಂದಕ್ಕೇ ಸಾಲುವುದಾದರೆ ಮೊದಲು ಎಸ್‌ಎಸ್‌ಡಿ.

ಬ್ಯಾಟರಿ ಮೂರನೇ ಒಂದು ಪಾಲಿಗೆ ಬಂದಿದೆ. ಯಾವಾಗಲೂ ಮೇಜಿನ ಮೇಲೆ ಬಳಸುವುದಾದರೆ ಅವಸರ ಇಲ್ಲ. ಆದರೆ ಒಂದು ನೋಡಿ, ಟಚ್‌ಪ್ಯಾಡ್ ಮೇಲೆ ಉಬ್ಬಿದೆಯಾ, ಲ್ಯಾಪ್‌ಟಾಪ್ ಮೇಜಿನ ಮೇಲೆ ಸರಿ ಕೂರದೆ ಅಲ್ಲಾಡುತ್ತದೆಯಾ? ಹಾಗಿದ್ದರೆ ಬ್ಯಾಟರಿ ಊದಿದೆ ಅಂತ ಅರ್ಥ, ಚಾರ್ಜಿಗೆ ಹಾಕುವುದು ನಿಲ್ಲಿಸಿ, ಕೂಡಲೇ ತೆಗೆಸಿ.

ಮಲ್ಪೆ ಅಂದಿರಿ, ಅದಕ್ಕೆ ಇನ್ನೊಂದು ಮಾತು. ಕಡಲ ಹತ್ತಿರದ ಮನೆಗಳಿಂದ ಬರುವ ಲ್ಯಾಪ್‌ಟಾಪ್ ಬಿಚ್ಚಿದರೆ ನನಗೆ ಊರು ಕೇಳುವುದೇ ಬೇಡ. ಸ್ಕ್ರೂ ತುಕ್ಕು, ಯುಎಸ್‌ಬಿ ಪೋರ್ಟಿನೊಳಗೆ ಹಸಿರು ಬಣ್ಣ, ಫ್ಯಾನಿನ ಧೂಳು ಒಣಗಿರುವುದಿಲ್ಲ, ಉಪ್ಪಿನ ತೇವಕ್ಕೆ ಅಂಟಿ ಕಂಬಳಿ ತರ ಕೂತಿರುತ್ತದೆ. ನಿಮ್ಮ ಫ್ಯಾನ್ ಸದ್ದಿಗೆ ಅದೇ ಕಾರಣ ಇರಬಹುದು. ಎಸ್‌ಎಸ್‌ಡಿ ಹಾಕುವಾಗಲೇ ಫ್ಯಾನ್ ತೆಗೆದು ಕ್ಲೀನ್ ಮಾಡಿಸಿ, ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಬದಲಿಸಿ, ರ್ಯಾಮ್‌ನ ಚಿನ್ನದ ಬಣ್ಣದ ಅಂಚನ್ನು ಐಸೋಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ ಅಂತ ಹೇಳಿ. ಮಳೆಗಾಲದಲ್ಲಿ ಬ್ಯಾಗಿನೊಳಗೆ ವಾರಗಟ್ಟಲೆ ಮುಚ್ಚಿಡಬೇಡಿ. ದಿನಕ್ಕೆ ಒಂದು ಗಂಟೆ ಆನ್ ಇದ್ದರೆ ಅದರ ಬಿಸಿಗೇ ತೇವ ಹೋಗುತ್ತದೆ. ಚಾರ್ಜರ್ ಹಾಕಿದಾಗ ಮೈ ಮುಟ್ಟಿದರೆ ಸಣ್ಣಗೆ ಜುಮ್ ಅಂತಿದ್ದರೆ ಅರ್ಥಿಂಗ್ ಸರಿ ಇಲ್ಲ, ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿ ಬಳಸಬೇಡಿ.

ಸುರತ್ಕಲ್ ಹುಡುಗ

ಸರ್ ಹೇಳಿದ್ದು ಎಲ್ಲ ಸರಿ, ಆದರೆ ನನಗೆ ಇದಕ್ಕೆ ಹಣ ಹಾಕುವುದು ಅಷ್ಟು ಒಪ್ಪಿಗೆ ಇಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೇ ಬೆಂಬಲ ನಿಲ್ಲಿಸಿದೆ. ವಿಂಡೋಸ್ 11 ಬೇಕೆಂದರೆ ಇಂಟೆಲ್ 8ನೇ ತಲೆಮಾರು ಅಥವಾ ಅದರ ಮೇಲಿನದು ಬೇಕು, ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ಆಂಟಿಯದ್ದು 7ನೇ ತಲೆಮಾರು, ಒಂದೇ ಒಂದು ಮೆಟ್ಟಿಲಲ್ಲಿ ತಪ್ಪಿದೆ. ಅಡ್ಡದಾರಿಯಲ್ಲಿ ಹಾಕುವವರು ಇದ್ದಾರೆ, ಆದರೆ ಮುಂದೆ ಅಪ್‌ಡೇಟ್ ಬರುತ್ತದೆ ಅಂತ ಯಾರೂ ಗ್ಯಾರಂಟಿ ಕೊಡುವುದಿಲ್ಲ. ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಹೆಸರು ಹಾಕಿದರೂ 2026ರ ಅಕ್ಟೋಬರ್ 13ರ ತನಕ ಮಾತ್ರ. ಬ್ಯಾಂಕ್ ಕೆಲಸ ಎಲ್ಲ ಅದರಲ್ಲೇ ಮಾಡುವವರಾದರೆ ಇದು ಸಣ್ಣ ವಿಷಯ ಅಲ್ಲ. ಇರುವ ಹಣದಲ್ಲಿ ಒಂದು ಒಳ್ಳೆಯ ಹೊಸತು ತೆಗೆದು ಇಬ್ಬರೂ ಬಳಸುವುದೇ ಒಳ್ಳೆಯದು ಅಲ್ವಾ?

ಸ್ಕ್ರೂಡ್ರೈವರ್, ಮಣಿಪಾಲ

ತಮ್ಮ, ವಿಂಡೋಸ್ ವಿಷಯದಲ್ಲಿ ನೀನು ಹೇಳಿದ್ದು ನೂರಕ್ಕೆ ನೂರು ಸರಿ, ನಾನು ಬರೆಯಬೇಕಿತ್ತು. ಆದರೆ ಒಂದೇ ಲ್ಯಾಪ್‌ಟಾಪ್ ಇಬ್ಬರಿಗೆ ಆಗುವುದಿಲ್ಲ. ಮಗಳು ಬೆಳಿಗ್ಗೆ ಕಾಲೇಜಿಗೆ ತೆಗೆದುಕೊಂಡು ಹೋದರೆ ಅಮ್ಮ ಸಂಜೆ ಟ್ಯೂಷನ್‌ಗೆ ಎಂತ ಮಾಡುವುದು? ಪರೀಕ್ಷೆ ಸಮಯದಲ್ಲಿ ಇಬ್ಬರಿಗೂ ಒಟ್ಟಿಗೇ ಬೇಕಾಗುತ್ತದೆ.

ಹಳೆಯದಕ್ಕೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಬಹುದು. ಹಣ ಕೊಡಬೇಕಾಗಿಲ್ಲ, ಈಗಿನ 22ರ ಸರಣಿಗೆ 2029ರ ತನಕ ಅಪ್‌ಡೇಟ್ ಉಂಟು, ಈ ಪ್ರೊಸೆಸರ್‌ನಲ್ಲಿ ಹಗುರಾಗಿ ಓಡುತ್ತದೆ. ಮೇಡಂ, ಕನ್ನಡ ಟೈಪಿಂಗ್ ಬಗ್ಗೆ ಹೆದರಬೇಡಿ. ಲಿನಕ್ಸ್‌ನಲ್ಲಿ ಕಗಪ ಅಂತಲೇ ಒಂದು ಕನ್ನಡ ಕೀಬೋರ್ಡ್ ಮೊದಲೇ ಇರುತ್ತದೆ, ನುಡಿಯಲ್ಲಿ ಅಭ್ಯಾಸ ಆದ ಬೆರಳು ಅಲ್ಲಿ ತಡವರಿಸುವುದಿಲ್ಲ. ಆ ವಿನ್ಯಾಸಕ್ಕೆ ಮೂಲ ನಮ್ಮ ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರದ್ದು, ನಮ್ಮ ಊರಿನವರ ಕೆಲಸ ಇವತ್ತು ಎಲ್ಲ ಕಡೆ ಇದೆ ಅಂತ ನನಗೆ ತುಂಬ ಹೆಮ್ಮೆ. ಹಳೆ ಫೈಲ್‌ಗಳು ನುಡಿ ಫಾಂಟ್‌ನಲ್ಲಿ ಇದ್ದರೆ ತೆರೆದಾಗ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣುತ್ತದೆ, ಗಾಬರಿ ಆಗಬೇಡಿ, ಫೈಲ್ ಹಾಳಾದದ್ದಲ್ಲ. ಆ ಫಾಂಟ್ ಫೈಲನ್ನು ಇಲ್ಲಿಗೂ ಹಾಕಿದರೆ ಸರಿ ಕಾಣುತ್ತದೆ. ಆದರೆ ಇದೇ ಅವಕಾಶದಲ್ಲಿ ಎಲ್ಲವನ್ನೂ ಯುನಿಕೋಡ್‌ಗೆ, ಅಂದರೆ ಎಲ್ಲ ಕಡೆ ಒಂದೇ ತರ ಓದಿಸಿಕೊಳ್ಳುವ ಅಕ್ಷರಕ್ಕೆ, ಬದಲಿಸಿ ಇಡಿ. ಆಗ ಮೊಬೈಲ್‌ನಲ್ಲೂ ಓದಬಹುದು, ಹುಡುಕಿದರೆ ಪದವೂ ಸಿಗುತ್ತದೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಒಮ್ಮೆ ಕಣ್ಣಾಡಿಸಿ. ಭಾಗವತರು ಹಾಡುವ ಪದ್ಯದಲ್ಲಿ ಒಂದು ಅಕ್ಷರ ತಪ್ಪಿದರೆ ತಾಳವೇ ತಪ್ಪುತ್ತದೆ.

ಕದ್ರಿಗುಡ್ಡೆ, ಮಂಗಳೂರು

ಹಾಗಾದರೆ ಮಗಳದ್ದಕ್ಕೆ ನಾನು ಹೇಳುತ್ತೇನೆ. ಬಿಕಾಂ ಅಂದರೆ ಎಕ್ಸೆಲ್, ಟ್ಯಾಲಿ, ಆನ್‌ಲೈನ್ ಕ್ಲಾಸ್. ಟ್ಯಾಲಿ ವಿಂಡೋಸ್‌ನದ್ದು, ಹಾಗಾಗಿ ಅವಳಿಗೆ ವಿಂಡೋಸ್ 11 ಇರುವುದೇ ಬೇಕು. ಗೇಮಿಂಗ್ ಗ್ರಾಫಿಕ್ಸ್ ಕಾರ್ಡ್ ಇರುವುದು ಬೇಡ, ಭಾರ ಜಾಸ್ತಿ, ಬ್ಯಾಟರಿ ಕಡಿಮೆ, ಬಸ್ಸಿನಲ್ಲಿ ನಿಂತುಕೊಂಡು ಹೋಗುವ ಮಗುವಿನ ಹೆಗಲು ನೋಯುವುದು ಬಿಟ್ಟರೆ ಏನೂ ಲಾಭ ಇಲ್ಲ.

ಅಂಗಡಿಯಲ್ಲಿ "ಐ5 ಮೇಡಂ", "ರೈಜನ್ 5 ಮೇಡಂ" ಅಂತ ಸ್ಟಿಕರ್ ತೋರಿಸಿದರೆ ಅಲ್ಲಿಗೇ ಒಪ್ಪಬೇಡಿ, ಪೂರ್ತಿ ನಂಬರ್ ಕೇಳಿ. ಉದಾಹರಣೆಗೆ ರೈಜನ್ 5 7520ಯು, ರೈಜನ್ 5 7530ಯು. ನೋಡಲಿಕ್ಕೆ ಅಣ್ಣ ತಮ್ಮ ತರ ಉಂಟು. ಆದರೆ ಆ 7000 ಸರಣಿಯಲ್ಲಿ ಮೂರನೇ ಅಂಕಿ ಒಳಗಿನ ವಿನ್ಯಾಸ ಹೇಳುತ್ತದೆ. ಮೊದಲನೆಯದು ಹಳೆಯ ಝೆನ್ 2, ನಾಲ್ಕು ಕೋರ್, ರ್ಯಾಮ್ ಬೋರ್ಡಿಗೇ ಬೆಸುಗೆ ಹಾಕಿ ಬರುತ್ತದೆ. ಎರಡನೆಯದು ಝೆನ್ 3, ಆರು ಕೋರ್. ಇಂಟೆಲ್‌ನಲ್ಲೂ ಹಾಗೆಯೇ, ಐ3-1215ಯು ತರದ್ದು ಅವಳ ಕೆಲಸಕ್ಕೆ ಧಾರಾಳ ಸಾಕು, ಅದರಲ್ಲಿ ಆರು ಕೋರ್ ಉಂಟು. ಸೆಲೆರಾನ್ ಪ್ರೊಸೆಸರ್, ಇಎಂಎಂಸಿ ಅನ್ನುವ ನಿಧಾನದ ಸಂಗ್ರಹ 64 ಜಿಬಿ ಅಂತ ಕಂಡರೆ ಎಷ್ಟು ಅಗ್ಗ ಇದ್ದರೂ ಬೇಡ.

ಅದಕ್ಕಿಂತಲೂ ನಾನು ಮೊದಲು ಕೇಳುವ ಪ್ರಶ್ನೆ, ರ್ಯಾಮ್ ಮುಂದೆ ಹೆಚ್ಚಿಸಬಹುದಾ? ಈಗ 8 ಜಿಬಿಯದ್ದು ತೆಗೆದರೂ ಒಂದು ಸ್ಲಾಟ್ ಇದ್ದರೆ ಎರಡು ವರ್ಷ ಬಿಟ್ಟು ಹಾಕಿಸಬಹುದು. ಬೆಸುಗೆ ಹಾಕಿದ್ದಾದರೆ ಅಲ್ಲಿಗೆ ಮುಗಿಯಿತು. ನಿಮ್ಮ ಹಳೆ ಲ್ಯಾಪ್‌ಟಾಪ್ ಇವತ್ತು ಉಳಿಯುತ್ತಿರುವುದೇ ಆ ಒಂದು ಖಾಲಿ ಸ್ಲಾಟ್‌ನಿಂದ ಅಂತ ನೆನಪಿಡಿ. ಮತ್ತೆ ಪರದೆ ಯಾವ ಕಡೆಯಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಆಗಿರಲಿ, ಇಡೀ ದಿನ ನೋಡುವುದು ಅದನ್ನೇ.

ಹಳೆಯದು ತೆಗೆದುಕೊಳ್ಳುವ ಧೈರ್ಯ ಇದ್ದರೆ ಥಿಂಕ್‌ಪ್ಯಾಡ್ ಟಿ480 ತರದ ಆಫೀಸ್ ಲ್ಯಾಪ್‌ಟಾಪ್‌ಗಳು ರಿಫರ್ಬಿಶ್ಡ್ ಸಿಗುತ್ತವೆ. 8ನೇ ತಲೆಮಾರಿನ ಪ್ರೊಸೆಸರ್ ಇರುವುದನ್ನೇ ನೋಡಿ ತೆಗೆದರೆ ವಿಂಡೋಸ್ 11 ಅಧಿಕೃತವಾಗಿಯೇ ಹೋಗುತ್ತದೆ, ಎರಡು ರ್ಯಾಮ್ ಸ್ಲಾಟ್, ಹಿಂದಿನ ಬ್ಯಾಟರಿ ಕೈಯಲ್ಲೇ ಕಳಚಬಹುದು. ಆದರೆ ಬಯಾಸ್‌ಗೆ, ಅಂದರೆ ಆನ್ ಮಾಡಿದಾಗ ವಿಂಡೋಸ್‌ಗಿಂತ ಮೊದಲು ಓಡುವ ಒಳಗಿನ ಪ್ರೋಗ್ರಾಂಗೆ, ಪಾಸ್‌ವರ್ಡ್ ಹಾಕಿದ್ದಾರಾ ಅಂತ ಅಂಗಡಿಯಲ್ಲೇ ನೋಡಿ. ಮೊನ್ನೆ ನನ್ನ ಗೆಳೆಯನಿಗೆ ಹಾಗೆ ಒಂದು ಸಿಕ್ಕಿ, ಅದನ್ನು ತೆರೆಸಲಿಕ್ಕೆ ಆಗದೆ ಹಿಂದೆ ಕೊಡಬೇಕಾಯಿತು. ಮೊದಲ ವರ್ಷದ ವಿದ್ಯಾರ್ಥಿನಿಗೆ ನಾನಾದರೆ ವಾರಂಟಿ ಇರುವ ಹೊಸತನ್ನೇ ಕೊಡಿಸುತ್ತೇನೆ.

ಕಡಲತಡಿ, ಮಲ್ಪೆ

ಮೂರು ವಾರ ಆಯಿತು, ಏನಾಯಿತು ಅಂತ ಹೇಳಲಿಕ್ಕೆ ಬಂದೆ.

ಬೇರೆ ಕಡೆ ಎದುರೇ ಕೂತು ಬಿಚ್ಚಿಸಿದೆ. 256 ಜಿಬಿ ಎಸ್‌ಎಸ್‌ಡಿ, 4 ಜಿಬಿ ರ್ಯಾಮ್, ಫ್ಯಾನ್ ಕ್ಲೀನಿಂಗ್. ಸ್ಕ್ರೂಡ್ರೈವರ್ ಸರ್ ಹೇಳಿದ ಆ ಕಂಬಳಿ ಧೂಳು ಹಾಗೆಯೇ ಇತ್ತು, ನಾನು ಫೋಟೋ ಕೂಡ ತೆಗೆದೆ. ಲಿನಕ್ಸ್ ಮಿಂಟ್ ಅವರೇ ಹಾಕಿಕೊಟ್ಟರು. ಈಗ ಬಟನ್ ಒತ್ತಿ ಇಪ್ಪತ್ತೈದು ಸೆಕೆಂಡಿಗೆ ತಯಾರು. ಮೊದಲ ದಿನ ನಾನು ಎರಡು ಮೂರು ಸಲ ಸುಮ್ನೆ ಆಫ್ ಮಾಡಿ ಆನ್ ಮಾಡಿ ನೋಡಿದೆ. ಫ್ಯಾನ್ ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಬ್ಯಾಟರಿ ಊದಿಲ್ಲ, ಅದನ್ನು ಮುಂದಿನ ವರ್ಷ ನೋಡುವ ಅಂತ ಬಿಟ್ಟಿದ್ದೇನೆ. ಮಗಳಿಗೆ ಐ3-1215ಯು, 8 ಜಿಬಿಯದ್ದು, ಒಂದು ಸ್ಲಾಟ್ ಖಾಲಿ ಇರುವುದು ಕೇಳಿಯೇ ತೆಗೆದೆವು. ಎರಡೂ ಸೇರಿ ಕೈಯಲ್ಲಿದ್ದ ಹಣದೊಳಗೇ ಮುಗಿಯಿತು.

ಯುನಿಕೋಡ್‌ಗೆ ಹನ್ನೊಂದು ಪ್ರಸಂಗ ಬದಲಿಸಿ ಆಯಿತು. ಅರ್ಕಾವತ್ತು ನಿಜವಾಗಿಯೂ ಕೆಲವು ಕಡೆ ಪಕ್ಕದ ಅಕ್ಷರಕ್ಕೆ ಹಾರಿತ್ತು, ಸರಿ ಮಾಡಿದೆ. ಬಾರದೆ ಹೋದ ಮೂರು ಫೈಲ್ ಒಂದೇ ಪ್ರಸಂಗದ್ದು. ಅಪ್ಪಯ್ಯನ ಕೈಬರಹದ ಪುಸ್ತಕ ಅಟ್ಟದಲ್ಲಿ ಸಿಕ್ಕಿತು. ಅವರಿಗೆ ಈಗ ಕಣ್ಣು ಅಷ್ಟು ಕಾಣುವುದಿಲ್ಲ, ಆದರೆ ನಾನು ಮೊದಲ ಸಾಲು ಓದಿದರೆ ಉಳಿದ ಪದ್ಯ ಅವರೇ ಹೇಳುತ್ತಾರೆ. ರಾತ್ರಿ ಊಟ ಆದ ಮೇಲೆ ದಿನಕ್ಕೆ ಎರಡು ಪುಟ ಹಾಗೆಯೇ ಕೂತು ಟೈಪ್ ಮಾಡುತ್ತಿದ್ದೇವೆ.

ಆ ಹಳೆ ಹಾರ್ಡ್‌ಡಿಸ್ಕ್ ಒಂದು ಇದೆಯಲ್ಲ, ಅದನ್ನು ಬಿಸಾಡಬಹುದಾ?

ಸ್ಕ್ರೂಡ್ರೈವರ್, ಮಣಿಪಾಲ

ಈಗ ಬೇಡ. ಆ ಪ್ರಸಂಗ ಟೈಪ್ ಆಗಿ ಮುಗಿಯುವ ತನಕ ಒಂದು ಒಣ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಯಾವುದಕ್ಕೂ ಸಿಕ್ಕಿಸಿ ನೋಡುತ್ತಾ ಕೂರಬೇಡಿ. ಆಮೇಲೆ ನನ್ನ ಹತ್ತಿರ ತಂದರೆ ನಿಮ್ಮೆದುರೇ ತಟ್ಟೆ ಬಿಚ್ಚಿ ಹಾಳು ಮಾಡಿ ಕೊಡುತ್ತೇನೆ, ಬ್ಯಾಂಕಿನ ಕಾಗದ ಎಲ್ಲ ಅದರಲ್ಲಿ ಇರುತ್ತದಲ್ಲ. ಮತ್ತೆ ಗುಡುಗು ಶುರುವಾದರೆ ಚಾರ್ಜರ್ ಮಾತ್ರ ಅಲ್ಲ, ಇಂಟರ್ನೆಟ್ ಕೇಬಲ್ ಹಾಕಿದ್ದರೆ ಅದನ್ನೂ ತೆಗೆಯಿರಿ.